ಓರ್ಫಾ ಅತ್ತೆಯ ಕೊರಳಲ್ಲಿದ್ದ ಬೀಗದಕೈ

ನಮ್ಮ ಓರ್ಫಾ ಅತ್ತೆ ಅಮೆರಿಕದ ಅಧ್ಯಕ್ಷರನ್ನು ಆರಿಸಲು ಹೊರಟದ್ದು ಡಿಸೆಂಬರಿನ ಒಂದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ನನ್ನ ಪಿಕಪ್ ಗಾಡಿಯಲ್ಲಿ, ತೊಡೆಯ ಮೇಲೆ ಲೆಫ್ಸೆ ರೊಟ್ಟಿಯ ಡಬ್ಬಿ ಇಟ್ಟುಕೊಂಡು. ಹೊರಡುವ ಮುಂಚೆ ನಾರ್ಬಿಯ ಅಂಚೆ ಕಚೇರಿಯ ಬಾಗಿಲಿಗೆ ಕೈಯಾರೆ ಬರೆದ ಚೀಟಿಯೊಂದನ್ನು ಅಂಟಿಸಿ ಬಂದಿದ್ದಳು: 'ಅಧ್ಯಕ್ಷರನ್ನು ಆರಿಸಲು ಹೋಗಿದ್ದೇನೆ. ನಾಳೆ ಒಂಬತ್ತಕ್ಕೆ ಬರುತ್ತೇನೆ. ತುರ್ತಾಗಿದ್ದರೆ ಕಾಯಿರಿ.'

ಇಡೀ ದಿನದ ಫಜೀತಿ ಆ ಚೀಟಿಯಲ್ಲೇ ಇತ್ತು. ನಾನು ಓದಿ ನಕ್ಕೆನೇ ಹೊರತು ಅರ್ಥ ಮಾಡಿಕೊಳ್ಳಲಿಲ್ಲ.

ಉಳಿದವರೆಲ್ಲ ನವೆಂಬರಿನಲ್ಲೇ ಮತ ಹಾಕಿ ಕೈ ತೊಳೆದುಕೊಂಡಿದ್ದರು. ಗೆದ್ದವರು ಯಾರೆಂದು ಟೀವಿಯವರು ಅಂದೇ ಹೇಳಿ, ಬಲೂನು ಒಡೆದು, ಮಲಗಿದ್ದರು. ಆದರೆ ನವೆಂಬರಿನಲ್ಲಿ ನಾವು ಹಾಕುವ ಮತ ನೇರವಾಗಿ ಅಧ್ಯಕ್ಷರಿಗೆ ಹೋಗುವುದಿಲ್ಲ; ಅವರನ್ನು ಆರಿಸುವ ಎಲೆಕ್ಟರುಗಳಿಗೆ ಹೋಗುತ್ತದೆ. ರಾಜ್ಯದಲ್ಲಿ ಗೆದ್ದ ಪಕ್ಷ ಮೊದಲೇ ಹೆಸರಿಸಿಟ್ಟವರೇ ಈ ಎಲೆಕ್ಟರುಗಳು; ದೇಶಕ್ಕೆಲ್ಲ ಐನೂರ ಮೂವತ್ತೆಂಟು ಮಂದಿ. ಎತ್ತ ನೋಡಿದರೂ ಗೋಧಿ ಹೊಲ, ಗೋಧಿ ಇಲ್ಲದ ಕಡೆ ಹಿಮ ಇರುವ ನಮ್ಮ ನಾರ್ತ್ ಡಕೋಟಾಕ್ಕೆ ಮೂವರು. ಆ ಮೂವರಲ್ಲಿ ಒಬ್ಬಳು ನಮ್ಮತ್ತೆ. ಎಲೆಕ್ಟರ್ ಆದಳೆಂದು ಸುದ್ದಿ ಹಬ್ಬಿದ ಮೇಲೆ ಪಕ್ಕದ ಮನೆಯ ಆಲ್ವಿನ್ ಬಂದು, "ಓರ್ಫಾ, ಹಾಗಾದ್ರೆ ನಮ್ಮ ಕೊಟ್ಟಿಗೆ ಕರೆಂಟು ವೈರು ಸ್ವಲ್ಪ ನೋಡ್ತೀಯಾ?" ಎಂದು ಕೇಳಿದ್ದನಂತೆ.

ಅವಳಿಗೆ ಎಪ್ಪತ್ತೆರಡು. ನಲವತ್ತಾರು ವರ್ಷದಿಂದ ನಮ್ಮ ಪಕ್ಷದ ಪ್ರತಿ ಸಭೆಗೂ ಕಾಫಿ ಕಾಯಿಸಿದವಳು. ಗವರ್ನರ್ ಆದವರಿಗೆ, ಆಗದೇ ಹೋದವರಿಗೆ, ಆಗಬಾರದಾಗಿದ್ದವರಿಗೆ, ಎಲ್ಲರಿಗೂ ಒಂದೇ ಕೆಟಲಿನಿಂದ. ಆ ವರ್ಷದ ವಸಂತದಲ್ಲಿ ರಾಜ್ಯ ಸಮಾವೇಶದ ನಡುವೆ ಯಾರೋ ಎದ್ದು, "ಈ ಸಲ ಓರ್ಫಾಳನ್ನ ಹಾಕೋಣ" ಎಂದರು. ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಲವತ್ತಾರು ವರ್ಷದಲ್ಲಿ ಮೊದಲ ಬಾರಿಗೆ ಅತ್ತೆಯ ಕೈಯಿಂದ ಕಾಫಿ ಚೆಲ್ಲಿತು.

"ಹದಿಮೂರು ಸಲ ಮತ ಹಾಕಿದೀನಿ ಕಣೋ ವರ್ಲಿನ್," ಎಂದಳು ದಾರಿಯಲ್ಲಿ. "ಕಣಜಕ್ಕೆ ಒಂದು ಕಾಳು ಎಸೆದ ಹಾಗೆ. ಬಿತ್ತು, ಹೋಯ್ತು. ಒಂದು ಸಲ, ಒಂದೇ ಒಂದು ಸಲ, ನನ್ನ ಕಾಳು ಯಾವುದು ಅಂತ ಕಣ್ಣಾರೆ ನೋಡ್ಬೇಕು."

"ನೋಡ್ತೀಯ ಬಿಡತ್ತೆ. ಇವತ್ತು ಮೂರೇ ಕಾಳು. ಕೋಳಿ ಕೂಡ ಎಣಿಸುತ್ತೆ."

"ನಿನ್ನ ಬಾಯಿ ಗಾಡಿಗಿಂತ ಜೋರಾಗಿ ಓಡುತ್ತೆ. ಮುಂದೆ ಹಿಮ ಇದೆ, ಎರಡನ್ನೂ ನಿಧಾನ ಮಾಡು."

ನಾನು ರೇಡಿಯೊದಲ್ಲಿ ಬೆಳಿಗ್ಗೆ ಗೋಧಿಯ ಧಾರಣೆ ಓದುವವನು. ಹಂದಿಯ ಬೆಲೆ ಬಿದ್ದ ದಿನ ಅದನ್ನು ಪಾದ್ರಿಯ ದನಿಯಲ್ಲಿ, ಶವಸಂಸ್ಕಾರದ ರಾಗದಲ್ಲಿ ಓದುತ್ತೇನೆ. ಕೇಳುಗರಿಗೆ ನಷ್ಟ ಸ್ವಲ್ಪ ಹಗುರಾಗುತ್ತದಂತೆ. ಊರಿನ ಎಲ್ಲರ ದನಿಯೂ ನನ್ನ ಗಂಟಲಿನಲ್ಲಿ ಬಾಡಿಗೆಗಿದೆ. ಅತ್ತೆಯದಂತೂ ಬಾಡಿಗೆಯಿಲ್ಲದೇ ಇದೆ. ಅಂದು ರಜೆ ಹಾಕಿ ಅವಳ ಚಾಲಕನಾಗಿದ್ದೆ.

ಬಿಸ್ಮಾರ್ಕ್‌ನ ಶಾಸನಭವನ ಮುಟ್ಟುವಾಗ ಹನ್ನೊಂದಾಗಿತ್ತು. ಮತದಾನ ಒಂದು ಗಂಟೆಗೆ. ಕೆಳಗಿನ ಮಹಡಿಯ ಕ್ಯಾಂಟೀನಿನಲ್ಲಿ ಉಳಿದಿಬ್ಬರು ಎಲೆಕ್ಟರುಗಳು ಆಗಲೇ ಸೂಪಿನ ಮುಂದೆ ಕೂತಿದ್ದರು. ಒಬ್ಬ ಬರ್ಡೆಟ್ ಹೈನ್ಲಿ: ದನ ಸಾಕುವವನು, ಅವುಗಳ ಜೊತೆ ಆಡಿ ಮಿಕ್ಕಿದ ಮಾತನ್ನಷ್ಟೇ ಮನುಷ್ಯರಿಗೆ ಕೊಡುವವನು. ಇನ್ನೊಬ್ಬರು ಡೆಲ್ಮರ್ ಕ್ವಾಮಿ: ನನಗೆ ಹೈಸ್ಕೂಲಿನಲ್ಲಿ ಪೌರನೀತಿ ಕಲಿಸಿದ ಮೇಷ್ಟ್ರು, ಅತ್ತೆಯ ಸಹಪಾಠಿ. ನಿವೃತ್ತರಾಗಿ ಹತ್ತು ವರ್ಷವಾದರೂ ಸಂವಿಧಾನದ ಕಿರುಪುಸ್ತಕ ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಬೇರೆಯವರು ಎದೆನೋವಿನ ಮಾತ್ರೆ ಇಟ್ಟುಕೊಳ್ಳುವ ಜೇಬದು.

ಅತ್ತೆ ನೀಲಿ ಸೂಟು ಹಾಕಿದ್ದಳು. ಈ ದಿನಕ್ಕೆಂದೇ ಹೊಲಿದದ್ದು. ಸೂಪು ಚೆಲ್ಲದಿರಲೆಂದು ಮುಂದಕ್ಕೆ ಬಾಗಿದಾಗ ಅವಳ ಕೊರಳಿನ ದಾರದಿಂದ ಹಿತ್ತಾಳೆಯ ಬೀಗದಕೈಯೊಂದು ಜಾರಿ, ಬಟ್ಟಲಿನ ಅಂಚಿಗೆ ಟಣ್ ಎಂದು ತಾಗಿತು.

"ಓರ್ಫಾ, ಕೊರಳಲ್ಲಿ ಅದೇನೇ?" ಎಂದರು ಮೇಷ್ಟ್ರು.

"ಬೀಗದಕೈ. ಮುತ್ತಿನ ಸರ ನೀನೇನಾದ್ರೂ ಮಾಡಿಸಿ ಕೊಟ್ಟಿದ್ಯಾ?"

"ಯಾವುದರ ಬೀಗದಕೈ?"

"ನಾರ್ಬಿ ಪೋಸ್ಟಾಫೀಸಿಂದು. ಅಲ್ಲಿ ಕೆಲಸಕ್ಕಿದ್ದ ಜೆನೀವಾ ಜಾರಿಬಿದ್ದು ಸೊಂಟ ಮುರ್ಕೊಂಡ್ಳಲ್ಲ, ಅಕ್ಟೋಬರಿಂದ ನಾನೇ ಕಿಟಕಿ ತೆಗೀತಿದೀನಿ. ದಿನಾ ಎರಡು ಗಂಟೆ, ಒಂಬತ್ತರಿಂದ ಹನ್ನೊಂದು."

ಮೇಷ್ಟ್ರು ಚಮಚ ಕೆಳಗಿಟ್ಟರು. ಕೈ ಜೇಬಿಗೆ ಹೋಯಿತು. ನಲವತ್ತು ವರ್ಷ ನಮ್ಮೂರಿನ ಮಕ್ಕಳನ್ನು ಬೆಚ್ಚಿಬೀಳಿಸಿದ ಆ ಕೆಮ್ಮು ಬಂತು. ಎರಡು ಸಲ ಸಣ್ಣದು, ಒಂದು ಸಲ ದೊಡ್ಡದು. ನಾನದನ್ನು ಎಂಟನೇ ಕ್ಲಾಸಿನಿಂದ ಅನುಕರಿಸುತ್ತಿದ್ದೇನೆ; ಆದರೂ ಅಸಲಿಯ ಮುಂದೆ ನನ್ನದು ನೆಗಡಿ.

"ಎರಡನೇ ವಿಧಿ, ಒಂದನೇ ಭಾಗ," ಎಂದು ಪುಸ್ತಕ ತೆರೆಯದೇ ಹೇಳಿದರು. "ಸಂಯುಕ್ತ ಸಂಸ್ಥಾನದ ಅಧೀನದಲ್ಲಿ ನಂಬಿಕೆಯ ಅಥವಾ ಲಾಭದ ಹುದ್ದೆ ಹೊಂದಿರುವ ಯಾವ ವ್ಯಕ್ತಿಯನ್ನೂ ಎಲೆಕ್ಟರ್ ಆಗಿ ನೇಮಿಸತಕ್ಕದ್ದಲ್ಲ."

"ಲಾಭವಾ?" ಅತ್ತೆ ನಕ್ಕಳು. "ಅವರು ಕೊಡೋದು ನನ್ನ ಬೂಟಿನ ಹಿಮ ಒರೆಸೋ ಚಾಪೆಗೂ ಸಾಲಲ್ಲ."

"ನಂಬಿಕೆ?"

ಅತ್ತೆಯ ನಗು ನಿಂತಿತು. ಯಾರ ಮನೆಗೆ ವಕೀಲರ ಕಾಗದ ಬಂತು, ಯಾರ ಮಗಳ ಕಾಗದ ಬರುವುದು ನಿಂತಿತು, ಯಾರು ತಮಗೆ ತಾವೇ ಹುಟ್ಟುಹಬ್ಬದ ಕಾರ್ಡು ಕಳಿಸಿಕೊಳ್ಳುತ್ತಾರೆ, ಎಲ್ಲ ಅವಳಿಗೆ ಗೊತ್ತು. ನನಗೊಂದೂ ಹೇಳಿದವಳಲ್ಲ.

"ಅದು... ಅದು ಸ್ವಲ್ಪ ಇದೆ," ಎಂದಳು.

"ಕಾಗದ ಹಂಚೋದೂ ಹುದ್ದೆನಾ?" ಬರ್ಡೆಟ್ ಅಂದಿನ ಮೊದಲ ಮಾತಾಡಿದ.

"ಕೋರ್ಟು ಏನನ್ನುತ್ತೋ ನನಗೂ ಗೊತ್ತಿಲ್ಲಪ್ಪ. ಎರಡು ಗಂಟೆ ಕೆಲಸ, ತಾತ್ಕಾಲಿಕ. ಹುದ್ದೆ ಅಲ್ಲ ಅಂದ್ರೂ ಅನ್ನಬಹುದು. ಆದ್ರೆ ಜನವರೀಲಿ ವಾಷಿಂಗ್ಟನ್‌ನಲ್ಲಿ ಲಕೋಟೆ ಒಡೆದು ಎಣಿಸುವಾಗ ಯಾರೋ ಒಬ್ಬ ಎದ್ದು, ನಾರ್ತ್ ಡಕೋಟಾದ ಮೂರರಲ್ಲಿ ಒಂದು ಕಲಬೆರಕೆ ಅಂದ್ರೆ? ಅವಳ ಹೆಸರು ಹಿಡ್ಕೊಂಡು ಎಳೆದಾಡಲ್ವಾ?"

ನನಗೆ ತಡೆಯಲಾಗಲಿಲ್ಲ. "ಮೇಷ್ಟ್ರೇ, ಅಧ್ಯಕ್ಷ ಆಗೋಕೆ ಹುಟ್ಟಿನಿಂದ ಈ ದೇಶದ ಪ್ರಜೆ ಆಗಿರ್ಬೇಕು, ಮೂವತ್ತೈದು ತುಂಬಿರ್ಬೇಕು, ಹದಿನಾಲ್ಕು ವರ್ಷ ಇಲ್ಲಿ ವಾಸ ಮಾಡಿರ್ಬೇಕು. ನೀವೇ ಕಲಿಸಿದ್ದು. ಅತ್ತೆಗೆ ಮೂರೂ ಇದೆ. ಅಂದ್ರೆ ಅವಳು ಅಧ್ಯಕ್ಷೆ ಆಗ್ಬಹುದು, ಅಧ್ಯಕ್ಷರನ್ನ ಆರಿಸೋ ಹಾಗಿಲ್ಲ?"

"ಆಗ್ಬಹುದು. ಆರಿಸೋ ಹಾಗಿಲ್ಲ. ಕೂತ್ಕೊಳ್ಳೋ ವರ್ಲಿನ್."

ನಾನು ಕೂತೇ ಇದ್ದೆ.

ಮೇಷ್ಟ್ರು ಕೆಟ್ಟವರಲ್ಲ. ನಿಯಮದ ಬಾಗಿಲು ಹಾಕಿದವರೇ ಕಿಟಕಿಯನ್ನೂ ಹುಡುಕಿದರು. "ದಾರಿ ಇದೆ ಓರ್ಫಾ. ಇನ್ನೂ ಒಂದೂವರೆ ಗಂಟೆ ಇದೆ. ಈಗಲೇ ಫೋನ್ ಮಾಡಿ ಅಂಚೆ ಕೆಲಸಕ್ಕೆ ರಾಜೀನಾಮೆ ಕೊಡು. ಒಂದು ಗಂಟೆಗೆ ಹೆಸರು ಕೂಗಿದಾಗ ನೀನು ಗೈರು. ಜಾಗ ಖಾಲಿ ಬಿದ್ರೆ ತುಂಬೋ ಹಕ್ಕು ಹಾಜರಿರೋ ಎಲೆಕ್ಟರುಗಳದ್ದು. ನಾನೂ ಬರ್ಡೆಟ್ಟೂ ಸೇರಿ ಆ ಜಾಗಕ್ಕೆ ನಿನ್ನನ್ನೇ ಹಾಕ್ತೀವಿ. ಆಗ ನೀನು ಹುದ್ದೆ ಇಲ್ಲದೋಳು. ಯಾರೂ ಚಕಾರ ಎತ್ತೋ ಹಾಗಿಲ್ಲ."

"ಹೊಸಿಲು ದಾಟಿ ಹೊರಗೆ ಹೋಗಿ, ಅದೇ ಹೊಸಿಲು ದಾಟಿ ಒಳಗೆ ಬಾ ಅಂತೀಯ."

"ಬೂಟು ಒರೆಸ್ಕೊಂಡು ಬಾ ಅಂತೀನಿ."

ಅತ್ತೆ ಎದ್ದು ಹಜಾರದ ಫೋನಿನತ್ತ ನಡೆದಳು. ಚಿಲ್ಲರೆ ಹಿಡಿದು ನಾನೂ ಹಿಂದೆ ಹೋದೆ. ನಾರ್ಬಿಯ ಕಿಟಕಿ ಇರುವುದು ಇಪ್ಪತ್ತೆಂಟು ಮೈಲಿ ಆಚೆಯ ದೊಡ್ಡ ಊರಿನ ಪೋಸ್ಟ್‌ಮಾಸ್ಟರ್ ಅಯೋನ್ ಕೈಕೆಳಗೆ. ಅಯೋನಳದು ಮೂಗಿನಿಂದ ಬರುವ ಕಹಳೆಯ ದನಿ; ಫೋನಿನಿಂದ ಮೂರು ಹೆಜ್ಜೆ ದೂರ ನಿಂತರೂ ನನಗೆ ಅಷ್ಟೂ ಕೇಳಿತು.

"ರಾಜೀನಾಮೆ ಕೊಡೋಕೇನು, ಬಾಯಲ್ಲಿ ಹೇಳು, ಬರ್ಕೋತೀನಿ. ಆದ್ರೆ ನೋಡು ಓರ್ಫಾ, ನಿನ್ನ ಬದಲಿಗೆ ನನ್ನ ಹತ್ರ ಯಾರೂ ಇಲ್ಲ. ಪಟ್ಟಿ ಖಾಲಿ. ಜೆನೀವಾ ವಾಪಸ್ ಬರಲ್ಲ ಅಂತ ಬರೆದಿದಾಳೆ. ನಾಳೆ ಕಿಟಕಿ ತೆಗೆಯೋರು ಇಲ್ಲ ಅಂದ್ರೆ ನಾನು 'ತಾತ್ಕಾಲಿಕ ಸ್ಥಗಿತ' ಅಂತ ಬರೆದು ಮೇಲಕ್ಕೆ ಕಳಿಸ್ಬೇಕು."

"ತಾತ್ಕಾಲಿಕ ಅಂದ್ರೆ ಎಷ್ಟು ದಿನ?"

"ನನ್ನ ಸರ್ವೀಸಲ್ಲಿ ಆರು ಊರಿಗೆ ಬರೆದಿದೀನಿ. ಒಂದೂ ಮತ್ತೆ ತೆಗೆದಿದ್ದು ನೋಡಿಲ್ಲ ಕಣಮ್ಮ."

ನಾರ್ಬಿಯಲ್ಲಿ ಅರವತ್ತೊಂದು ಜನ. ಶಾಲೆ ಹೋಯಿತು, ದಿನಸಿ ಅಂಗಡಿ ಹೋಯಿತು. ಊರು ಇನ್ನೂ ಊರಾಗಿದೆ ಎನ್ನುವುದಕ್ಕೆ ಇದ್ದ ಸಾಕ್ಷಿ ಆ ಕಿಟಕಿ ಮತ್ತು ಅದರ ದುಂಡು ಮುದ್ರೆ.

"ಆಮೇಲೆ ಮಾಡ್ತೀನಿ ಅಯೋನ್," ಎಂದು ಫೋನಿಟ್ಟಳು.

ಮೇಜಿಗೆ ಬಂದವಳು ಕುರ್ಚಿಯಲ್ಲಿ ಕೂರಲಿಲ್ಲ. ಅದರ ಬೆನ್ನು ಹಿಡಿದು ನಿಂತಳು, ಪ್ರಶ್ನೆ ಕೇಳಲು ಎದ್ದ ವಿದ್ಯಾರ್ಥಿನಿಯ ಹಾಗೆ.

"ಡೆಲ್ಮರ್, ಅಧ್ಯಕ್ಷ ಸತ್ರೆ?"

"ಉಪಾಧ್ಯಕ್ಷ." ಪ್ರಶ್ನೆ ಬಿದ್ದ ಕೂಡಲೇ ಉತ್ತರ, ಅವರ ಅಭ್ಯಾಸವದು.

"ಅವನೂ ಹೋದ್ರೆ?"

"ಕೆಳಮನೆಯ ಸ್ಪೀಕರ್. ಆಮೇಲೆ ಸೆನೆಟ್ಟಿನ ಹಿರಿಯ ಸದಸ್ಯ. ಆಮೇಲೆ ವಿದೇಶಾಂಗ ಕಾರ್ಯದರ್ಶಿ, ಖಜಾನೆ, ರಕ್ಷಣೆ... ಹೀಗೆ ಸಾಲಾಗಿ. ವ್ಯವಸಾಯದವನೂ ಇದಾನೆ ಆ ಸಾಲಲ್ಲಿ."

"ಅಂದ್ರೆ ಆ ಕುರ್ಚಿ ಖಾಲಿ ಬೀಳೋದೇ ಇಲ್ಲ."

"ಒಂದು ನಿಮಿಷಾನೂ ಇಲ್ಲ. ಅದೇ ಈ ವ್ಯವಸ್ಥೆಯ ಸೊಗಸು..."

"ನನ್ನ ಸ್ಟೂಲಿನ ಹಿಂದೆ ಯಾರೂ ಇಲ್ಲ," ಎಂದಳು ಅತ್ತೆ.

ಅತ್ತೆ ಅಯೋನ್ ಹೇಳಿದ್ದನ್ನೆಲ್ಲ ಹೇಳಿದಳು. "ಆಲ್ವಿನ್‌ಗೆ ಇನ್ಸುಲಿನ್ ಅಂಚೇಲಿ ಬರುತ್ತೆ. ಅವನಿಗೆ ಕಣ್ಣು ಕಾಣಲ್ಲ, ಗಾಡಿ ಓಡಿಸಲ್ಲ. ನಾನು ಇಲ್ಲಿ ಸಹಿ ಹಾಕಿ ಹೆಸರು ಮಾಡ್ಕೊಂಡು ಊರಿಗೆ ಹೋಗಿ ಅವನ ಮುಖ ಹೇಗೆ ನೋಡ್ಲಿ?"

"ನಾನು ನೋಡ್ಕೋತೀನಿ ಅತ್ತೆ ಕಿಟಕೀನ," ಎಂದೆ. ನನ್ನ ಮನೆ ರೇಡಿಯೊ ಸ್ಟೇಷನ್ ಇರುವ ಊರಿನಲ್ಲಿ, ನಾರ್ಬಿಯಿಂದ ಅರವತ್ತು ಮೈಲಿ. ಬೆಳಿಗ್ಗೆ ಒಂಬತ್ತಕ್ಕೆ ನಾನು ಮೈಕಿನ ಮುಂದಿರಬೇಕು. ಇವೆರಡೂ ಅವಳಿಗೆ ಗೊತ್ತಿದ್ದವು.

"ನೀನಾ? ಊರಿನವರ ಪೋಸ್ಟ್‌ಕಾರ್ಡು ಅವರವರ ದನೀಲೇ ಓದಿ ಹೇಳ್ತೀಯ. ಸುಮ್ನಿರು." ಅವಳು ನನ್ನ ತಲೆ ಸವರಿದಳು. ನನಗೆ ನಲವತ್ತಮೂರು ವರ್ಷ. "ನಾನು ರಾಜೀನಾಮೆ ಕೊಡಲ್ಲ ಡೆಲ್ಮರ್. ಒಂದು ಗಂಟೆಗೆ ಗೈರು ಅಂತ ಬರ್ಕೊಳ್ಳಿ."

ಒಂದು ಗಂಟೆಗೆ ಮರದ ಹಲಗೆ ಹೊದಿಸಿದ ಒಂದು ಕೋಣೆಯಲ್ಲಿ ಸಭೆ ಸೇರಿತು. ಕಾಗದಪತ್ರ ನೋಡಿಕೊಳ್ಳುವ ಅಧಿಕಾರಿ ಲಿಯೋಟಾ ಶ್ಮಾಲ್ಟ್ಸ್ ಹೆಸರು ಕೂಗಿದರು.

"ಡೆಲ್ಮರ್ ಕ್ವಾಮಿ?" "ಹಾಜರ್."

"ಬರ್ಡೆಟ್ ಹೈನ್ಲಿ?" "ಹ್ಞೂಂ."

"ಓರ್ಫಾ ಹೌಗ್ಲೆಂಡ್?"

ನೀಲಿ ಸೂಟಿನಲ್ಲಿ ಗೋಡೆಗೆ ಒರಗಿ, ಲೆಫ್ಸೆ ಡಬ್ಬಿ ತಬ್ಬಿಕೊಂಡು ನಿಂತಿದ್ದ ಅತ್ತೆ ಸ್ಪಷ್ಟವಾಗಿ, "ಗೈರುಹಾಜರ್," ಎಂದಳು.

ಲಿಯೋಟಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೇಷ್ಟ್ರು ಮೂರು ಮಾತಿನಲ್ಲಿ ವಿಷಯ ತಿಳಿಸಿದರು. ಖಾಲಿ ಜಾಗ ತುಂಬಬೇಕು, ಯಾರನ್ನು?

"ಓರ್ಫಾ ಹೇಳ್ಲಿ," ಎಂದ ಬರ್ಡೆಟ್.

ಅತ್ತೆ ಗದ್ದ ಎತ್ತಿ ನನ್ನನ್ನು ತೋರಿಸಿದಳು.

"ಇವನಾ?" ಮೇಷ್ಟ್ರ ಆ ಒಂದು ಮಾತಿನಲ್ಲಿ ನನ್ನ ಹೈಸ್ಕೂಲಿನ ಅಂಕಪಟ್ಟಿಯೆಲ್ಲ ಇತ್ತು.

"ನನ್ನ ದನಿ ಇವನಷ್ಟು ಚೆನ್ನಾಗಿ ಇನ್ಯಾರು ಮಾಡ್ತಾರೆ?"

"ಸರ್ಕಾರದ ಹುದ್ದೆ ಏನಾದ್ರೂ ಇದೆಯೇನಪ್ಪಾ?" ಲಿಯೋಟಾ ಕೇಳಿದರು.

"ಯಾರೂ ನಂಬಲ್ಲ ಮೇಡಂ, ಲಾಭವೂ ಇಲ್ಲ. ಎರಡೂ ಕಡೆಯಿಂದ ಅರ್ಹ."

ಹೀಗೆ, ಚಾಲಕನಾಗಿ ಬಂದವನು ಎಲೆಕ್ಟರಾದೆ. ಅಧ್ಯಕ್ಷರಿಗೊಂದು ಚೀಟಿ, ಉಪಾಧ್ಯಕ್ಷರಿಗೊಂದು ಚೀಟಿ. ಆಮೇಲೆ ಆರು ಪ್ರತಿಗಳಿಗೆ ಆರು ಸಹಿ. ಯಾರ ಹೆಸರಿಗೆ ಮತ ಎಂದು ಗಟ್ಟಿಯಾಗಿ ಹೇಳಬೇಕಾದಾಗ, ದೊಡ್ಡ ಜಾಗದಲ್ಲಿ ಎಂದಿನಂತೆ ಯಾರದ್ದಾದರೂ ದನಿ ಒದಗಿ ಬರಲಿ ಎಂದು ಗಂಟಲಲ್ಲಿ ತಡಕಾಡಿದೆ. ಒಂದೂ ಸಿಗಲಿಲ್ಲ. ಹೊರಬಂದದ್ದು ತೆಳ್ಳಗೆ, ಸ್ವಲ್ಪ ಒಡೆದ ಒಂದು ದನಿ. ಅದು ನನ್ನದೇ ಇರಬೇಕೆಂದು ಆಮೇಲೆ ಅಂದುಕೊಂಡೆ.

ಅತ್ತೆ ನನ್ನ ಹೆಗಲ ಮೇಲಿಂದ ಬಗ್ಗಿ ಆರೂ ಸಹಿ ನೋಡಿದಳು.

"ಕಾಳು ಕಾಣಿಸ್ತಾ ಅತ್ತೆ?"

"ನಿನ್ನದು ಕಾಣಿಸ್ತು," ಎಂದಳು. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, "ತಗೊಳ್ಳಿ, ಸಹಿ ಆದ್ಮೇಲೆ ಸಿಹಿ," ಎಂದು ಬೆಣ್ಣೆ–ಸಕ್ಕರೆ ಸವರಿ ಸುತ್ತಿದ ಲೆಫ್ಸೆಯನ್ನು ಎಲ್ಲರಿಗೂ ಹಂಚಿದಳು. ನಲವತ್ತಾರು ವರ್ಷ ಹಂಚಿದ ಕೈ, ಒಬ್ಬರನ್ನೂ ಬಿಡಲಿಲ್ಲ. ತನಗೆ ಮಾತ್ರ ಉಳಿಸಿಕೊಳ್ಳಲಿಲ್ಲ. ಮೇಷ್ಟ್ರು ತಮ್ಮದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು, ತಿನ್ನಲಿಲ್ಲ.

"ಲಿಯೋಟಾ, ಇವನ್ನೆಲ್ಲ ಕಳಿಸೋದು ಹೇಗೆ?" ಎಂದರು ಕೊನೆಗೆ. ಅವರಿಗೆ ಗೊತ್ತಿಲ್ಲದ್ದಲ್ಲ.

"ಸೆನೆಟ್ಟಿನ ಅಧ್ಯಕ್ಷರದ್ದು ಇವತ್ತೇ ಇಲ್ಲಿಂದ ರಿಜಿಸ್ಟರ್ಡ್ ಅಂಚೇಲಿ. ವಾಷಿಂಗ್ಟನ್‌ನ ದಾಖಲೆ ಭಂಡಾರಕ್ಕೆ ಹೋಗೋ ಎರಡು ಪ್ರತಿ ನಾಳೆ, ಅದೂ ರಿಜಿಸ್ಟರ್ಡ್."

"ಕಳಿಸೋದು ಎಲೆಕ್ಟರುಗಳ ಕೆಲಸ, ಅಲ್ವಾ? ಯಾವ ಅಂಚೆ ಕಚೇರಿಯಿಂದ ಅಂತ ಕಾನೂನಲ್ಲಿ ಬರೆದಿಲ್ಲ."

"ಬರೆದಿಲ್ಲ... ಯಾಕೆ?"

"ಕೊಡಿ ಇಲ್ಲಿ," ಎಂದು ಮೇಷ್ಟ್ರು ಆ ಎರಡು ಪ್ರತಿಗಳ ಲಕೋಟೆಯನ್ನು ಕೋಟಿನೊಳಗೆ ಇಟ್ಟುಕೊಂಡರು. ಸಂವಿಧಾನದ ಪಕ್ಕದಲ್ಲಿ.

ಹಿಮ ಜೋರಾದ್ದರಿಂದ ಸ್ಟೇಷನ್ನಿಗೆ ಫೋನ್ ಮಾಡಿ ಇನ್ನೊಂದು ದಿನದ ರಜೆ ಹೇಳಿ, ನಾನು ಅಂದು ಅತ್ತೆಯ ಮನೆಯಲ್ಲೇ ಉಳಿದೆ. ಮರುದಿನ ಒಂಬತ್ತಕ್ಕೆ ಸರಿಯಾಗಿ ಅವಳು ಕೊರಳಿನ ಬೀಗದಕೈ ತಿರುಗಿಸಿ, ಬಾಗಿಲ ಚೀಟಿ ಕಿತ್ತು, ಕಿಟಕಿ ತೆಗೆದಳು. ಒಂಬತ್ತೂ ಹತ್ತಕ್ಕೆ ಮೇಷ್ಟ್ರ ಕಾರು ಬಂತು. ಟೈ ಕಟ್ಟಿದ್ದರು. ಪಕ್ಕದ ಕೌಂಟಿಯಿಂದ ಹಿಮದಲ್ಲಿ ಮೂವತ್ತು ಮೈಲಿ ಓಡಿಸಿಕೊಂಡು ಬಂದಿದ್ದರು.

"ರಿಜಿಸ್ಟರ್ಡ್," ಎಂದು ಲಕೋಟೆಯನ್ನು ಕಿಟಕಿಯೊಳಗೆ ತಳ್ಳಿದರು.

ಅತ್ತೆ ವಿಳಾಸ ಓದಿದಳು. ಒಳಗೇನಿದೆ ಎಂದು ಅವಳಿಗೆ ತಿಳಿಯಿತು. ಕಣ್ಣು ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಲಕೋಟೆ ತಿರುಗಿಸಿ ನೋಡಿ, ಅದನ್ನು ಹಾಗೇ ಹೊರಗೆ ತಳ್ಳಿದಳು.

"ಆಗಲ್ಲ."

"ಏನು ಆಗಲ್ಲ?"

"ಹೊಳೆಯೋ ಟೇಪು ಸುತ್ತಿದೀಯ. ರಿಜಿಸ್ಟರ್ಡಿಗೆ ಕಾಗದದ ಟೇಪೇ ಆಗ್ಬೇಕು. ಪ್ಲಾಸ್ಟಿಕ್ ಮೇಲೆ ಮುದ್ರೆಯ ಶಾಯಿ ನಿಲ್ಲಲ್ಲ. ಯಾರಾದ್ರೂ ನಡುವೆ ಬಿಚ್ಚಿದ್ರೆ ಗೊತ್ತಾಗಲ್ಲ."

"ಓರ್ಫಾ, ಜೋರಾಗಿ ಹಿಮ ಬೀಳ್ತಿತ್ತು, ಒದ್ದೆ ಆಗದಿರ್ಲಿ ಅಂತ..."

"ನಿಯಮ ನಿಯಮವೇ ಡೆಲ್ಮರ್. ನಾನೇನು ಬರೆದಿದ್ದಾ?"

ಇಡೀ ಹೈಸ್ಕೂಲು ಕಾದಿದ್ದ ದೃಶ್ಯವದು. ನೋಡಲು ನಾನೊಬ್ಬನೇ ಇದ್ದೆ. ಮೇಷ್ಟ್ರು ಟೋಪಿ ತೆಗೆದಿಟ್ಟು, ಅತ್ತೆ ಕೊಟ್ಟ ಹೊಸ ಲಕೋಟೆಯೊಳಗೆ ಹಳೆಯದನ್ನು ತೂರಿಸಿ, ಕಂದು ಕಾಗದದ ಟೇಪಿಗೆ ಒದ್ದೆ ಸ್ಪಂಜು ಒತ್ತಿ ಒತ್ತಿ, ತುದಿಬೆರಳೆಲ್ಲ ಗೋಂದು ಮಾಡಿಕೊಂಡು ಅಂಟಿಸಿದರು.

"ಒಳಗಿರೋದರ ಬೆಲೆ?" ಅತ್ತೆ ಫಾರಂ ನೋಡುತ್ತ ಕೇಳಿದಳು. "ಕಳೆದು ಹೋದ್ರೆ ಪರಿಹಾರಕ್ಕೆ. ಎಲ್ಲರನ್ನೂ ಕೇಳ್ತೀವಿ."

ಮೇಷ್ಟ್ರು ಯೋಚಿಸಿದರು. "ಬೆಲೆ ಇಲ್ಲ ಅಂತ ಬರಿ."

"ಸೊನ್ನೆ ಹಾಕ್ಲಾ?"

"ಅಯ್ಯೋ, ಸೊನ್ನೆ ಅಲ್ಲ!"

"ಹಾಗಾದ್ರೆ ಎಷ್ಟು?"

"ಫಾರಂನಲ್ಲಿ ಅಷ್ಟು ಜಾಗ ಇಲ್ಲ ಕಣೆ," ಎಂದರು ಮೆಲ್ಲಗೆ.

ಅತ್ತೆ ಆ ಅಂಕಣದಲ್ಲಿ ಏನು ಬರೆದಳೋ, ನನಗಂತೂ ತೋರಿಸಲಿಲ್ಲ, ನಂಬಿಕೆಯ ಹುದ್ದೆ. ಆಮೇಲೆ ದುಂಡು ಮುದ್ರೆ ಕೈಗೆತ್ತಿಕೊಂಡಳು. ರಿಜಿಸ್ಟರ್ಡ್ ಲಕೋಟೆಯಲ್ಲಿ ಅಂಚು ಕೂಡುವ ಕಡೆಯೆಲ್ಲ, ಅರ್ಧ ಟೇಪಿನ ಮೇಲೆ ಅರ್ಧ ಕಾಗದದ ಮೇಲೆ ಬರುವಂತೆ ಮುದ್ರೆ ಬೀಳಬೇಕು. ಧಪ್. ನಾರ್ಬಿ, ನಾರ್ತ್ ಡಕೋಟಾ. ಧಪ್. ನಾರ್ಬಿ. ಮೂಲೆಗೊಂದು, ಮಡಿಕೆಗೊಂದು, ಬೆನ್ನಿಗೆ ಉದ್ದಕ್ಕೆ. ನಾನು ಎಣಿಸಿದೆ: ಹದಿನೇಳು. ಅಧ್ಯಕ್ಷರನ್ನು ಆರಿಸಿದ ನಮ್ಮ ಸಹಿಗಳೆಲ್ಲ ಒಳಗೆ ಕತ್ತಲಲ್ಲಿ ಮಲಗಿದ್ದವು. ಹೊರಗೆ ಕಾವಲು ನಿಂತದ್ದೆಲ್ಲ ಅವಳದ್ದು. ಕೊನೆಯ ಮುದ್ರೆ ಒತ್ತಿ, ಲಕೋಟೆಯನ್ನು ಬೆಳಕಿಗೆ ಹಿಡಿದು, ಶಾಯಿ ಆರುವ ತನಕ ನೋಡಿದಳು. ಅಷ್ಟು ಹೊತ್ತು ಬೇಕಿರಲಿಲ್ಲ.

"ಕಾಣಿಸ್ತು," ಎಂದಳು, ಯಾರಿಗೂ ಅಲ್ಲದ ಹಾಗೆ.

ಮೇಷ್ಟ್ರು ರಸೀದಿ ಜೇಬಿಗಿಟ್ಟರೂ ಕದಲಲಿಲ್ಲ. ಆ ಕೆಮ್ಮು ಬಂತು. ಎರಡು ಸಣ್ಣದು, ಒಂದು ದೊಡ್ಡದು.

"ಓರ್ಫಾ, ಎಲೆಕ್ಟರ್ ಕೆಲಸ ಈ ಲಕೋಟೆಗೇ ಮುಗೀತು. ಇವತ್ತಿಂದ ನಾನು ಯಾವ ಹುದ್ದೆ ಬೇಕಾದ್ರೂ ಹಿಡೀಬಹುದು. ನಿನ್ನ ಸ್ಟೂಲಿನ ಹಿಂದೆ ಯಾರೂ ಇಲ್ಲ ಅಂದ್ಯಲ್ಲ." ಅವರು ಟೋಪಿಯ ಅಂಚು ತಿರುಗಿಸಿದರು. "ಬದಲಿ ಕೆಲಸಕ್ಕೆ ಅರ್ಜಿ ಫಾರಂ ಇದೆಯಾ? ವಯಸ್ಸಿನ ಮಿತಿ ಏನೂ ಇಲ್ಲ, ನೋಡ್ಕೊಂಡೇ ಬಂದಿದೀನಿ. ಮುಂದಿನ ಚುನಾವಣೆಗೆ ನಾಲ್ಕು ವರ್ಷ ಇದೆ, ಅಷ್ಟರಲ್ಲಿ ನೀನು ಕಿಟಕಿ ನನಗೆ ಬಿಡ್ಬಹುದು."

ಅತ್ತೆಯ ಕೆನ್ನೆ ಕೆಂಪಾಯಿತು. ಒಲೆ ಹತ್ತಿರ ಇತ್ತು ಎಂದೇ ಇಟ್ಟುಕೊಳ್ಳೋಣ. ಖಾನೆ ಎಳೆದು ಫಾರಂ ಹುಡುಕಿ ತೆಗೆದು, ಕಿಟಕಿಯಿಂದ ಹೊರಗೆ ಜಾರಿಸಿದಳು.

"ಕಪ್ಪು ಶಾಯೀಲಿ ತುಂಬು. ತಿದ್ದೋ ಹಾಗಿಲ್ಲ. ಪಕ್ಕಕ್ಕೆ ನಿಂತ್ಕೊಂಡು ಬರಿ ಡೆಲ್ಮರ್, ಹಿಂದೆ ಜನ ಸಾಲಲ್ಲಿ ಕಾಯ್ತಿದಾರೆ."

ಹಿಂದೆ ಇದ್ದವನು ನಾನೊಬ್ಬನೇ. ನನಗೆ ಏನೂ ಬೇಕಿರಲಿಲ್ಲ. ಆದರೂ ಮುಂದೆ ಬಂದು ಒಂದು ಸ್ಟಾಂಪು ಕೊಂಡೆ.